ಎಡಗಾಲಿಗೆ ನಾಲ್ಕು, ಬಲಗಾಲಿಗೆ ಆರು

ನಿಪ್ಪಾಣಿ ಪೇಟೆಯ ಆ ಅಂಗಡಿಯವನು ನಾನು ಕೇಳಿದ್ದನ್ನು ಕೇಳಿಸಿಕೊಂಡು ಉತ್ತರವನ್ನು ಅಪ್ಪನಿಗೆ ಕೊಟ್ಟ.

"ಹಂಟರ್ ಬೂಟು ಗಂಡಸರು ಹಾಕೂದ್ರಿ ಅಣ್ಣಾ. ಫಾರೆಸ್ಟಿನವರು, ಹೋಮ್‌ಗಾರ್ಡಿನವರು ಒಯ್ತಾರ. ಹುಡುಗ್ಯಾರಿಗೆ ಚಂದನ್ನ ಸ್ಯಾಂಡಲ್ ಬಂದಾವ, ತೋರಸಲೇನು?"

"ಹಾಕ್ಕೊಳ್ಳಾಕಿ ನಾನು. ನನ್ನ ಕೇಳ್ರಿ," ಎಂದೆ. "ನಾಲ್ಕನೇ ನಂಬರಿಂದು ಒಂದು ಜೋಡು, ಆರನೇ ನಂಬರಿಂದು ಒಂದು ಜೋಡು ಕೊಡ್ರಿ."

"ಇಬ್ಬರಿಗೇನು?"

"ಒಬ್ಬಾಕಿಗೇ."

ಆಗ ಅವನು ಕೆಳಗೆ ನೋಡಿದ. ಬೆಂಚಿನ ಮೇಲೆ ಕೂತು ನಾನು ಕಾಲು ಮುಂದೆ ಚಾಚಿಯೇ ಇಟ್ಟಿದ್ದೆ. ಬಲಗಾಲು ಎಲ್ಲರಂತೆ. ಎಡಗಾಲು ಮೊಣಕಾಲಿನಿಂದ ಕೆಳಗೆ ಕಬ್ಬಿನ ಗಣಿಕೆಯಂತೆ ತೆಳ್ಳಗೆ, ಪಾದ ಎರಡು ನಂಬರು ಸಣ್ಣದು, ಹೆಬ್ಬೆರಳು ನೆಲದ ಕಡೆ ಬಾಗಿದ್ದು. ಅವನ ಬಾಯಿಂದ "ಪಾಪ" ಎಂಬುದು ಬಂತು.

"ಪಾಪ ಗೀಪ ಇರ್ಲ್ರಿ," ಎಂದೆ. "ಲೇಸು ಗಟ್ಟಿ ಇದ್ದದ್ದು ನೋಡಿ ಕೊಡ್ರಿ."

ಅಪ್ಪ ಅಂಗಡಿಯ ಬಾಗಿಲ ಕಡೆ ಮುಖ ತಿರುಗಿಸಿದ. ನಗುತ್ತಿದ್ದಾನೋ ನಾಚುತ್ತಿದ್ದಾನೋ ತಿಳಿಯಲಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳವು. ನಾನು ಚಿಕ್ಕೋಡಿಯಲ್ಲಿ ಕಾಲೇಜಿಗೆ ಸೇರಿದ್ದೆ.

ನಮ್ಮದು ಕರೋಶಿ. ಕಬ್ಬು, ಹೊಗೆಸೊಪ್ಪು ಬೆಳೆಯುವ ಜೈನರ ಮನೆ. ಮೂರು ವರ್ಷದವಳಿದ್ದಾಗ ಬಂದ ಜ್ವರ ಹೋಗುವಾಗ ಎಡಗಾಲಿನ ಬಲವನ್ನು ತಗೊಂಡು ಹೋಯಿತು. ಆ ಜ್ವರದ ಹೆಸರು ಈಗ ಎಲ್ಲರಿಗೂ ಗೊತ್ತು. ಆಗ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಅದನ್ನು ಕರ್ಮದ ಲೆಕ್ಕಕ್ಕೆ ಹಾಕಿದಳು. ಅಪ್ಪ ನನ್ನನ್ನು ಮಿರಜಿಗೆ ಕರೆದೊಯ್ದು ದೊಡ್ಡ ದವಾಖಾನೆಯಲ್ಲಿ ತೋರಿಸಿ, ಕಬ್ಬಿಣದ ಪಟ್ಟಿ ಜೋಡಿಸಿದ ಕರಿ ಚರ್ಮದ ಬೂಟು ಹಾಕಿಸಿಕೊಂಡು ಬಂದ. ಆಯಿ ಚರ್ಮದ ಚೀಲವನ್ನೂ ಮುಟ್ಟುವವಳಲ್ಲ. ಆ ಬೂಟು ಹಾಕಿಕೊಂಡು ಹೊಸ್ತಿಲು ದಾಟುವಂತಿರಲಿಲ್ಲ. ಡಾಕ್ಟರು ದಿನವಿಡೀ ಹಾಕಬೇಕು ಎಂದಿದ್ದರು, ಆಯಿ ಹೊರಗೇ ಬಿಡಬೇಕು ಎಂದಿದ್ದಳು. ಇಬ್ಬರ ಮಾತೂ ನಡೆದು ನಾನು ಕಟ್ಟೆಯ ಮೇಲೆ ಕೂತುಕೊಳ್ಳುವುದನ್ನು ಕಲಿತೆ.

ಆ ಬೂಟನ್ನು ಮಾಡಿದವರು ಎರಿ ಮಣ್ಣನ್ನು ನೋಡಿರಲಿಕ್ಕಿಲ್ಲ. ನಮ್ಮ ಕಡೆಯ ಕರಿ ಮಣ್ಣು ಒಣಗಿದಾಗ ಕಲ್ಲು, ತೊಯ್ದಾಗ ಅಂಟು. ಒಂದೊಂದು ಹೆಜ್ಜೆಗೂ ಒಂದೊಂದು ಮುದ್ದೆ ಮಣ್ಣು ಬೂಟಿಗೆ ಸೇರಿಕೊಳ್ಳುತ್ತಿತ್ತು. ಕಬ್ಬಿಣದ ಪಟ್ಟಿಯ ಸಂದಿಯಲ್ಲಿ ಅದು ಹೊಕ್ಕರೆ ಚಾಕುವಿನಿಂದ ಕೆರೆಯಬೇಕು. ಮಣ್ಣು ಮೆತ್ತಿ ದಪ್ಪಗಾದ ಆ ಕಾಲನ್ನು ಎತ್ತಲು ಇದ್ದ ಒಂದೇ ಶಕ್ತಿ ಸೊಂಟದ್ದು. ಒಂದು ಮಳೆಗಾಲ ಶಾಲೆಯಿಂದ ಬರುವಾಗ ಹೊಲದ ನಡುವೆ ಬೂಟು ಹೂತು ನಿಂತಿತು. ಎಳೆದೆ, ಬರಲಿಲ್ಲ. ಪಟ್ಟಿ ಬಿಚ್ಚಿ, ಕಾಲು ಕಿತ್ತುಕೊಂಡು, ಅದನ್ನು ಅಲ್ಲೇ ನಿಲ್ಲಿಸಿ ಬರಿಗಾಲಲ್ಲಿ ಮನೆಗೆ ಬಂದೆ.

"ಬೂಟ್ ಎಲ್ಲೈತಿ?" ಎಂದ ಅಪ್ಪ.

"ಹೊಲದಾಗ ನಿಂತೈತಿ. ಅದಕ್ಕ ಬರಾಕ ಮನಸ್ಸಿಲ್ಲ."

ಅವ್ವ ಹೊಡೆಯಲು ಬಂದಳು. ಅಪ್ಪ ಹೋಗಿ ಅದನ್ನು ಕಿತ್ತು ತಂದು, ತೊಳೆದು, ದನದ ಕೊಟ್ಟಿಗೆಯ ಗೂಟಕ್ಕೆ ತೂಗು ಹಾಕಿದ. ಮರುದಿನ ಹಾಕಿಕೋ ಎನ್ನಲಿಲ್ಲ. ಅದರ ಮರುದಿನವೂ ಎನ್ನಲಿಲ್ಲ.

ಅಲ್ಲಿಂದ ಕಾಲೇಜಿನವರೆಗೆ ನಾನು ಬರಿಗಾಲಿನವಳು. ಹವಾಯಿ ಚಪ್ಪಲಿ ನನ್ನ ಎಡಗಾಲಲ್ಲಿ ನಿಲ್ಲುತ್ತಿರಲಿಲ್ಲ. ಅದನ್ನು ಹಿಡಿಯಲು ಬೆರಳಿಗೆ ಬಲ ಬೇಕು. ಮಳೆಗಾಲದಲ್ಲಿ ಎರಿ ಹೊಲಕ್ಕೆ ಬರಿಗಾಲೇ ಎಲ್ಲಕ್ಕಿಂತ ಮೇಲು, ಅದನ್ನು ಇಂದಿಗೂ ಹೇಳುತ್ತೇನೆ. ಆದರೆ ಬೇಸಿಗೆಯಲ್ಲಿ ಜಾಲಿ ಮುಳ್ಳು, ಕಬ್ಬು ಕಡಿದ ಮೇಲೆ ಉಳಿಯುವ ಕೂಳೆ, ಕಾದ ಡಾಂಬರು. ಎಡಗಾಲಿಗೆ ಮುಳ್ಳು ಹೊಕ್ಕರೆ ತಟ್ಟನೆ ಎತ್ತಿಕೊಳ್ಳಲು ಬರುವುದಿಲ್ಲ, ಅದು ಪೂರ್ತಿ ಹೊಕ್ಕೇ ಬಿಡುತ್ತದೆ. ಆಯಿ ಮುನಿಗಳ ಉದಾಹರಣೆ ಕೊಡುತ್ತಿದ್ದಳು: "ಮಹಾರಾಜರು ಬರಿಗಾಲಲೆ ಊರೂರು ನಡೀತಾರ, ನಿನಗೇನಾಗೇತಿ?" ಮಹಾರಾಜರಿಗೆ ಎರಡೂ ಕಾಲು ಸರಿ ಇದಾವ ಆಯಿ ಎಂದಿದ್ದಕ್ಕೆ ಆ ದಿನ ನನಗೆ ಊಟ ತಡವಾಗಿ ಸಿಕ್ಕಿತು. ನಮ್ಮ ಮನೆಯಲ್ಲಿ ಸಂಜೆ ಸೂರ್ಯ ಮುಳುಗಿದ ಮೇಲೆ ಉಣ್ಣುವಂತಿಲ್ಲ, ಹಾಗಾಗಿ ತಡ ಎಂದರೆ ಮರುದಿನ ಬೆಳಗ್ಗೆ.

ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಫಾರೆಸ್ಟ್ ಗಾರ್ಡ್ ಕಾಲಿನ ಮೇಲೆ ಕಾಲು ಹಾಕಿ ಕೂತಿದ್ದ. ಅವನ ಬೂಟು ಹಸಿರು ದಪ್ಪ ಬಟ್ಟೆಯದು, ತಳ ರಬ್ಬರಿನದು, ಲೇಸು ಹಿಮ್ಮಡಿಯ ಗಂಟಿನ ಮೇಲಿನವರೆಗೆ. ನಾನು ಅದನ್ನು ಎಷ್ಟು ಹೊತ್ತು ನೋಡಿದೆನೆಂದರೆ ಅವನು ಕಾಲು ಕೆಳಗಿಳಿಸಿದ. ಕಬ್ಬಿಣ ಮಾಡುವ ಕೆಲಸವನ್ನು ಬಿಗಿಯಾಗಿ ಕಟ್ಟಿದ ಲೇಸು ಮಾಡೀತು ಎಂದು ನನಗೆ ಹೊಳೆದಿತ್ತು. ಬಟ್ಟೆ ನೀರನ್ನು ಒಳಗೆ ಬಿಟ್ಟರೂ ಹೊರಗೂ ಬಿಡುತ್ತದೆ. ಚರ್ಮವಲ್ಲ, ಆದ್ದರಿಂದ ಆಯಿಯದೂ ತಕರಾರಿಲ್ಲ. ಹೀಗೆ ನಿಪ್ಪಾಣಿಗೆ ಹೋಗಿದ್ದು.

ಮನೆಗೆ ಬಂದಾಗ ನಾಲ್ಕನೇ ನಂಬರಿನ ಬಲಗಾಲಿನದೂ ಆರನೇ ನಂಬರಿನ ಎಡಗಾಲಿನದೂ ಉಳಿದವು. ಅವ್ವ ಅವೆರಡನ್ನು ಕಾಗದದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಳು. "ಊರ ಮಂದಿ ಏನಂದಾರು? ಹುಡುಗಿ ಪೊಲೀಸ ಆಗಾಕ ಹೊಂಟಾಳ ಅಂದಾರು," ಎಂದು ಗೊಣಗಿದಳು. ಊರ ಮಂದಿ ಅಂದರು. ಬೂಟಿನ ಬಾಯಿ, ಅಂದರೆ ಬೂಟಿನ ಹೆಂಗಸು, ಎಂದೂ ಅಂದರು. ಅಂದವರ ಬಾಯಿ ನೋಯಿತು, ನನ್ನ ಕಾಲು ನೋಯಲಿಲ್ಲ.

ಅಷ್ಟು ಸುಲಭವಾಗಿಯೂ ಆಗಲಿಲ್ಲ, ಅದನ್ನೂ ಹೇಳಬೇಕು. ಎಡಗಾಲು ಸಣ್ಣದಷ್ಟೇ ಅಲ್ಲ, ಗಿಡ್ಡ ಕೂಡ. ಎತ್ತರ ಸರಿಹೊಂದಿಸಲು ಬೂಟಿನೊಳಗೆ ಅರಿವೆ ತುಂಬಿದೆ. ಹಿಮ್ಮಡಿ ಮೇಲೆದ್ದು ಬೂಟಿನಿಂದ ಜಾರುತ್ತಿತ್ತು, ಗುಳ್ಳೆ ಎದ್ದು ಒಡೆಯುತ್ತಿತ್ತು. ಕಾಲೇಜಿನಲ್ಲಿ ನನ್ನ ಪಕ್ಕ ಕೂರುವ ಗೆಳತಿ ಇದನ್ನು ಒಂದು ದಿನ ನೋಡಿದಳು. ಅವಳು ಅಥಣಿಯವಳು, ಹಾಸ್ಟೆಲಿನಲ್ಲಿ ಇರುತ್ತಿದ್ದಳು. ಮನೆತನದ ಕಸುಬು ಚಪ್ಪಲಿ ಹೊಲಿಯುವುದು.

"ಲೇ ಹುಚ್ಚಿ, ಒಳಗ ತುಂಬಿದ್ರ ಏನ ಬಂತು?" ಎಂದಳು. "ಎತ್ತರ ಹೊರಗ ಕೊಡಬೇಕು, ತಳಕ್ಕ. ಅಥಣಿಗೆ ಬಾ, ಮಾಡೂಣು."

"ನಿಮ್ಮಪ್ಪ ಮಾಡಿಕೊಡ್ತಾರೇನು?"

"ನಾ ಮಾಡ್ತೀನಿ. ಹೆಣ್ಣಮಕ್ಕಳು ಬರೇ ಹೆಣಿಕಿ ಹೆಣೀಬೇಕಂತ, ರಂಪಿಗಿ ಮುಟ್ಟಬಾರದಂತ. ಅಪ್ಪ ಸಂತಿಗೆ ಹೋದ ದಿನ ಬಾ."

ಅವಳಪ್ಪ ಸಂತೆಗೆ ಹೋದ ದಿನ ಹೋದೆ. ಚರ್ಮ ಕತ್ತರಿಸುವ ರಂಪಿಗೆಯನ್ನು ಅವಳು ದಿನಾ ಹಿಡಿಯುವವಳಂತೆ ಹಿಡಿದಳು, ಅಷ್ಟು ಸಲೀಸು. ಲಾರಿಯ ಹಳೆ ಟಾಯರಿನಿಂದ ಒಂದು ತುಂಡು ಕೊಯ್ದು, ನನ್ನನ್ನು ಗೋಡೆಗೆ ನಿಲ್ಲಿಸಿ, ಸೊಂಟದ ಎರಡೂ ಬದಿ ಕೈಯಿಟ್ಟು ನೋಡಿ, ಇನ್ನೊಂದು ತುಂಡು ಕೊಯ್ದಳು. ಸೊಲ್ಯೂಷನ್ ಹಚ್ಚಿ, ಒಣಗಿಸಿ, ಅಂಟಿಸಿ, ದಪ್ಪ ದಾರದಿಂದ ಸುತ್ತಲೂ ಹೊಲಿದಳು. ಅವಳ ತಾಯಿ ಬಾಗಿಲಲ್ಲಿ ನಿಂತು "ಅವರು ಬಂದ್ರ ನಾ ಏನೂ ನೋಡಿಲ್ಲವಾ" ಎಂದು ಹೇಳಿ ಒಳಗೆ ಹೋದಳು. ಬೂಟು ಹಾಕಿಕೊಂಡು ಎದ್ದು ನಿಂತೆ. ಜೀವಮಾನದಲ್ಲಿ ಮೊದಲ ಸಲ ನನ್ನ ಎರಡು ಭುಜಗಳೂ ಒಂದೇ ಮಟ್ಟದಲ್ಲಿದ್ದವು. ಅವಳು ನನ್ನ ಸುತ್ತ ಒಂದು ಸುತ್ತು ಬಂದು, "ನನಗಿಂತ ಉದ್ದ ಅದಿಯಲ್ಲಲೇ," ಎಂದಳು.

ಆಮೇಲೆ ಅವಳು ಒಮ್ಮೆ ಕರೋಶಿಗೆ ಬಂದಳು. ಆಯಿ ಅವಳ ಮನೆತನ ಕೇಳಿದಳು. ಅವ್ವ ಚಹಾವನ್ನು ಕಟ್ಟೆಯ ಮೇಲೆಯೇ ಕೊಟ್ಟಳು, ಕೊಟ್ಟಿಗೆಯ ಮಾಡಿನಲ್ಲಿ ಸಿಗಿಸಿಡುವ ಕಪ್ಪಿನಲ್ಲಿ. ನಾನು ಕೊಟ್ಟಿಗೆಗೆ ಹೋಗಿ, ಆ ಮಾಡಿನಿಂದಲೇ ಇನ್ನೊಂದು ಕಪ್ಪು ತಂದು, ನನ್ನ ಚಹಾವನ್ನು ಅದಕ್ಕೆ ಸುರಿದುಕೊಂಡು ಅವಳ ಪಕ್ಕ ಕೂತು ಕುಡಿದೆ. ಅವತ್ತಿನಿಂದ ಮನೆಯಲ್ಲಿ ನನ್ನ ಕಪ್ಪು ಅದೇ ಎಂದು ಹೇಳಿದೆ. ಆಯಿ ಎಂಟು ದಿನ ಮಾತಾಡಲಿಲ್ಲ. ಮಾತಾಡಿದ ದಿನ ಆ ಕಪ್ಪು ತಾನಾಗಿ ಅಡಿಗೆಮನೆಗೆ ಬಂದಿತ್ತು. ಯಾರು ತಂದರೆಂದು ಕೇಳಲಿಲ್ಲ.

ಡಿಗ್ರಿಯ ಎರಡನೇ ವರ್ಷ ಜುಗೂಳದ ಕಡೆಯಿಂದ ಕನ್ಯೆ ನೋಡಲು ಬಂದರು. ಹೊಳೆದಂಡೆಯ ಕಬ್ಬಿನ ಜಮೀನು, ಒಳ್ಳೆ ಮನೆತನ. ಅವ್ವನ ಯೋಜನೆ ಸರಳವಾಗಿತ್ತು. ಅವರು ಬರುವ ಮೊದಲೇ ನಾನು ಜಮಖಾನೆಯ ಮೇಲೆ ಕೂತಿರಬೇಕು, ಸೀರೆಯ ನೆರಿಗೆ ಪಾದದ ಮೇಲೆ ಬಿದ್ದಿರಬೇಕು, ಅವರು ಎದ್ದು ಹೋದ ಮೇಲೆ ನಾನು ಏಳಬೇಕು.

"ಮದಿವಿ ಆದ ಮ್ಯಾಲೆ?" ಎಂದೆ. "ಆವಾಗೂ ಕುಂತ ಇರ್ಲೇನು?"

"ಆದ ಮ್ಯಾಲೆ ಆಗತೈತಿ, ಸುಮ್ನಿರು."

ಅವರು ಬಂದರು. ವರನ ಚಿಕ್ಕಮ್ಮ ನನ್ನ ಓದು ಕೇಳಿದಳು, ಹೋಳಿಗೆ ಬರುತ್ತದೆಯೇ ಕೇಳಿದಳು. ವರ ತನ್ನ ವಾಚು ನೋಡಿಕೊಳ್ಳುತ್ತಿದ್ದ. ನನಗೆ ಅವನ ಮೇಲೆ ಸಿಟ್ಟಿರಲಿಲ್ಲ. ಮೋಸ ಹೋಗುತ್ತಿದ್ದವನು ಅವನು. ನಾನು ಎದ್ದು ನಿಂತೆ. ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ನಡೆದು, ನೀರಿನ ತಂಬಿಗೆ ಎತ್ತಿಕೊಂಡು ವಾಪಸ್ ಬಂದು ಅದನ್ನು ಅವರ ಮುಂದಿಟ್ಟೆ. ಮನೆಯೊಳಗೆ ಬರಿಗಾಲು, ಆದ್ದರಿಂದ ಕುಂಟುವುದು ಪೂರ್ತಿ ಕಂಡಿತು.

"ಹುಡುಗಿ ಕಾಲಿಗೆ ಏನಾಗೇತ್ರಿ?" ಎಂದಳು ಚಿಕ್ಕಮ್ಮ, ಅವ್ವನನ್ನು.

"ಸಣ್ಣಾಕಿದ್ದಾಗ ಜ್ವರ ಬಂದು ಹೋಗೇತ್ರಿ," ಎಂದೆ ನಾನೇ. "ಕಾಲು ಉಳದೈತಿ. ನಡೀತೈತಿ. ನೀವು ಕೇಳೂದಿದ್ರ ಈಗ ಕೇಳ್ರಿ."

ಅವರು ಏನೂ ಕೇಳಲಿಲ್ಲ. ಅವಲಕ್ಕಿ ತಿಂದು ಹೋದರು. ಅವ್ವ ಅತ್ತಳು, ಆಯಿ ಹಣೆ ಬಡಿದುಕೊಂಡಳು. ನಾನು ಕಟ್ಟೆಯ ಮೇಲೆ ಕೂತು ಲೇಸು ಕಟ್ಟಿ ಹೊಲಕ್ಕೆ ಹೋದೆ. ಸಂಜೆ ಅಪ್ಪ ಬಾವಿಯ ಹತ್ತಿರ ಬಂದು ಪಂಪು ಬಂದ್ ಮಾಡಿದ. "ನೀ ಮಾಡಿದ್ದು ತಪ್ಪಂತ ನಾ ಹೇಳೂದಿಲ್ಲ," ಎಂದ. "ನಿಮ್ಮವ್ವಗ ಒಂದಷ್ಟ ದಿನ ಎದುರ ಮಾತಾಡಬ್ಯಾಡ." ಅದನ್ನು ಮಾತ್ರ ಪಾಲಿಸಿದೆ, ಒಂದಷ್ಟು ದಿನ.

ಕೊನೆಯ ವರ್ಷ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ಬಂತು. ನಿಪ್ಪಾಣಿಯಿಂದ ಪಶ್ಚಿಮಕ್ಕೆ, ಗಾರಗೋಟಿ ದಾಟಿದ ಮೇಲೆ ಘಟ್ಟದಲ್ಲಿರುವ ಒಂದು ಹಳೇ ಕೋಟೆಗೆ ಚಾರಣ. ಒಯ್ಯುವವರು ನಮ್ಮ ಭೂಗೋಳದ ಸರ್. ಅವರಿಗೆ ಗುಡ್ಡಗಳ ಅನುಭವ ನಿಜವಾಗಿಯೂ ಇತ್ತು. ಚೀಟಿಯಲ್ಲಿ ಬರೆದದ್ದೆಲ್ಲ ಸರಿ ಇತ್ತು: ಹೊಸ ಬೂಟು ಹಾಕಿಕೊಂಡು ಬರಬಾರದು, ಮೊದಲೇ ಹಾಕಿ ಪಳಗಿಸಿರಬೇಕು, ಪ್ಲಾಸ್ಟಿಕ್ ತಳ ಒದ್ದೆ ಬಂಡೆಯ ಮೇಲೆ ಜಾರುತ್ತದೆ, ರಬ್ಬರಿನದೇ ಬೇಕು, ಗಮ್‌ಬೂಟು ಬೇಡ, ನೀರು ತುಂಬಿದರೆ ಕೊಡ ಹೊತ್ತಂತೆ, ಕಾಲುಚೀಲ ಎರಡು ಜೊತೆ. ಓದುತ್ತ ಹೋದಂತೆ ಇದು ನನ್ನದೇ ಕಾಲಿಗೆ ಬರೆದ ಚೀಟಿ ಅನ್ನಿಸಿತು. ಹೆಸರು ಕೊಡಲು ಹೋದೆ.

"ನೀ ಬ್ಯಾಡವಾ," ಎಂದರು ಸರ್. ಒರಟಾಗಿ ಅಲ್ಲ. "ನಾಳೆ ಏನಾರ ಆದ್ರ ಜವಾಬ್ದಾರಿ ಯಾರದು?"

"ಈ ಕಾಲಿನ ಜವಾಬ್ದಾರಿ ಇಷ್ಟ ವರ್ಷ ನಾನ ಹೊತ್ತೀನ್ರಿ ಸರ್."

"ಅದು ಬ್ಯಾರೆ, ಇದು ಬ್ಯಾರೆ. ನಿಮ್ಮ ತಂದಿಯವರ ಒಪ್ಪಿಗಿ ಇಲ್ಲದ ನಾ ಒಯ್ಯೂದಿಲ್ಲ."

ಇಷ್ಟಕ್ಕೆ ಮುಗಿಯಿತು ಎಂದು ಅವರು ತಿಳಿದಿದ್ದರು. ಮರುದಿನ ಅಪ್ಪ ಧೋತರ ಉಟ್ಟು, ಬಿಳಿ ಟೊಪ್ಪಿಗೆ ಹಾಕಿಕೊಂಡು ಸ್ಟಾಫ್ ರೂಮಿಗೇ ಬಂದ. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ನಾ ಕಳಸಾಕತ್ತೀನ್ರಿ ಸರ್. ಬೀಳ್ತಾಳ, ನನಗ ಗೊತ್ತೈತಿ. ಮನ್ಯಾಗೂ ಬೀಳ್ತಾಳ."

ನನ್ನ ಹೆಸರು ಸೇರಿತು. ಗೆಳತಿಯೂ ಬಂದಳು.

ಭಾದ್ರಪದದ ಕೊನೆ, ಘಟ್ಟದಲ್ಲಿ ಮಳೆ ಇನ್ನೂ ಹೋಗಿರಲಿಲ್ಲ. ಬಸ್ಸು ಕೊನೆಯ ಹಳ್ಳಿಯಲ್ಲಿ ಇಳಿಸಿದ ಮೇಲೆ ಒಬ್ಬೊಬ್ಬರ ಕಾಲಲ್ಲಿ ಒಂದೊಂದು ಥರ. ಡ್ರಿಲ್ಲಿನ ಬಿಳಿ ಕ್ಯಾನ್ವಾಸ್ ಬೂಟಿನವರು ಹೆಚ್ಚು. ಫುಟ್‌ಬಾಲ್ ಆಡುವ ಹುಡುಗನೊಬ್ಬ ಮೊಳೆಬೂಟು ಹಾಕಿಕೊಂಡಿದ್ದ. ಕೆಂಪು ಮಣ್ಣಿನ ಏರಿನಲ್ಲಿ ಅವನು ಎಲ್ಲರಿಗಿಂತ ಮುಂದೆ, ಬಂಡೆ ಬಂದ ಕೂಡಲೇ ಮೊದಲು ಬಿದ್ದವನೂ ಅವನೇ. ಗೆಳತಿ ತನ್ನ ಕೈಯಾರೆ ಹೆಣೆದ ಅಥಣಿ ಚಪ್ಪಲಿಯಲ್ಲಿ ಬಂದಿದ್ದಳು. ಮೊದಲ ಹಳ್ಳದಲ್ಲೇ ಚರ್ಮ ನೀರು ಕುಡಿದು ಉಬ್ಬಿತು. ಅವುಗಳನ್ನು ಬಿಚ್ಚಿ ಹೆಗಲಿಗೆ ಕಟ್ಟಿಕೊಂಡು, "ಇವು ಹೊಲಕ್ಕ ಹುಟ್ಟಿದ್ದಾವ, ಹೊಳಿಗಲ್ಲ," ಎಂದು ಬರಿಗಾಲಲ್ಲಿ ನಡೆದಳು.

ಆ ಹಳ್ಳ ದಾಟುವಾಗ ಎಲ್ಲರೂ ಬೂಟು ಬಿಚ್ಚಿ ಕೈಯಲ್ಲಿ ಹಿಡಿದರು, ಒದ್ದೆಯಾಗಬಾರದೆಂದು. ಹಾವಸೆ ಕಟ್ಟಿದ ಕಲ್ಲಿನ ಮೇಲೆ ಬರಿಗಾಲು ನಿಲ್ಲಲಿಲ್ಲ, ಕೈಯಲ್ಲಿ ಬೂಟಿದ್ದುದರಿಂದ ಹಿಡಿದುಕೊಳ್ಳಲೂ ಆಗಲಿಲ್ಲ. ನಾನು ಬೂಟಿನಲ್ಲೇ ಇಳಿದೆ. ತೊಯ್ದ ಬೂಟಿನಲ್ಲಿ ನಡೆಯಬಹುದು, ಮುರಿದ ಕಾಲಲ್ಲಿ ಆಗುವುದಿಲ್ಲ. ಆಚೆ ದಂಡೆಗೆ ನಿಂತು ಎರಡು ಸಲ ಕಾಲು ಒದರಿದೆ, ನೀರು ಬಟ್ಟೆಯಿಂದ ಸೋರಿ ಹೋಯಿತು.

ಏರು ಸುರುವಾದ ಮೇಲೆ ನಾನು ಹಿಂದೆ ಬಿದ್ದೆ. ಅದರಲ್ಲಿ ಮುಚ್ಚಿಡುವುದೇನಿಲ್ಲ. ಒಂದು ಇಳಿಜಾರು ಬಂಡೆಯನ್ನು ಕುಂಡೆಯ ಮೇಲೆ ಕೂತು ಸರಿದು ದಾಟಿದೆ. ಮುಂದಿದ್ದ ಹುಡುಗಿಯರು ನಕ್ಕರು, ನಗಲಿ. ಸರ್ ಕಾಯುತ್ತ ನಿಂತಿದ್ದರು. ಮುಖದಲ್ಲಿ ಗಾಬರಿ ಇತ್ತು. ಅಲ್ಲೊಂದು ಧನಗರರ ಗುಡಿಸಲು, ಎಮ್ಮೆ ಕಟ್ಟುವವರದು.

"ಇಬ್ಬರು ಹುಡುಗ್ರಿಗೆ ಹೇಳ್ತೀನಿ, ಕಂಬಳಿಯೊಳಗ ಹೊತ್ತೊಯ್ತಾರ," ಎಂದರು.

"ಬ್ಯಾಡ್ರಿ."

"ಹಂಗಾರ ಇಲ್ಲೇ ಕುಂದರ್ರಿ, ನೀನು, ನಿನ್ನ ಗೆಳತಿ. ಇಳಿಯುವಾಗ ಕರ್ಕೊಂಡ ಹೋಗ್ತೀವಿ. ಇನ್ನ ಮ್ಯಾಲೆ ಬರಬಾರದು, ತಿಳೀತಿಲ್ಲೋ?"

ಅವರು ಹೋದರು. ಸಾಲು ಕಾಡಿನೊಳಗೆ ಮರೆಯಾಯಿತು, ಆಮೇಲೆ ಅವರ ದನಿಯೂ. ಆ ಗುಡಿಸಲ ಮುಂದೆ ನಾನು ಅತ್ತೆ. ಸಿಟ್ಟಿನಲ್ಲಿ ಅಳು ಬರುವುದು ನನ್ನ ಹುಟ್ಟುಗುಣ. ಗುಡಿಸಲಿನ ಮುದುಕಿ ಎರಡು ಲೋಟ ಮಜ್ಜಿಗೆ ತಂದು ಕೊಟ್ಟಳು. ನನ್ನ ಬೂಟನ್ನು, ಅದರ ಎತ್ತರದ ತಳವನ್ನು ನೋಡಿದಳು. ಏನಾಯಿತು ಎಂದು ಕೇಳಲಿಲ್ಲ. ಎಮ್ಮೆಗಳು ಹೋಗುವ ದಾರಿ ಬೇರೆ ಇದೆ ಎಂದು ಮರಾಠಿಯಲ್ಲಿ ಹೇಳಿದಳು. ಸುತ್ತು, ಆದರೆ ಬಂಡೆ ಇಲ್ಲ, ಎಮ್ಮೆಗೆ ಏರಲಾಗದ ಕಡೆ ಎಮ್ಮೆ ಹೋಗುವುದಿಲ್ಲ.

ಗೆಳತಿ ನನ್ನ ಕಡೆ ನೋಡಿದಳು. "ಕುಂದರೂದೇನು?"

"ಕುಂತಿದ್ದು ಸಾಕಾತು."

ಎಮ್ಮೆ ದಾರಿ ಹಿಡಿದೆವು. ಕೆಸರು ಮೊಣಕಾಲಿನವರೆಗೆ, ಸಗಣಿಯ ವಾಸನೆ, ಜಿಗಣೆ. ಕೆಸರಿನ ತಳದಲ್ಲಿ ಗಟ್ಟಿ ಜಂಬಿಟ್ಟಿಗೆ ಕಲ್ಲು ಇತ್ತು, ಬೂಟು ಹಿಡಿತ ಸಿಗುವವರೆಗೆ ಹೋಗಿ ನಿಲ್ಲುತ್ತಿತ್ತು. ನಮ್ಮ ಎರಿಯಂತೆ ಎಳೆದುಕೊಳ್ಳುವ ಕೆಸರಲ್ಲ. ಮೂರು ಕಡೆ ಬಿದ್ದೆ. ಗೆಳತಿ ನಾಲ್ಕು ಕಡೆ ಬಿದ್ದಳು, ಲೆಕ್ಕ ಇಟ್ಟವಳು ಅವಳೇ. ಕೋಟೆಯ ಬಾಗಿಲಿಗೆ ನಾವು ಹಿಂದಿನ ಕಡೆಯಿಂದ ಹೋಗಿ ಮುಟ್ಟಿದಾಗ ಎಲ್ಲರೂ ಬುತ್ತಿ ಬಿಚ್ಚಿ ಕೂತಿದ್ದರು. ಸರ್ ಎದ್ದು ನಿಂತರು.

"ಹೇಳಿದ ಮಾತು ಕೇಳಿಸಲಿಲ್ಲೇನು ನಿನಗ?"

"ಕೇಳಿಸ್ತ್ರಿ ಸರ್. ಕೇಳಿಸಿಕೊಂಡ ಬಂದೀನಿ."

ಯಾರೋ ಹುಡುಗ ಸಿಳ್ಳೆ ಹಾಕಿದ. ಸರ್ ಅವನನ್ನು ಬೈದರು, ನನ್ನನ್ನು ಬೈಯಲಿಲ್ಲ. ಕೋಟೆಯ ಗೋಡೆಯ ಮೇಲೆ ಕೂತು ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಕೆಳಗೆ ಕೊಂಕಣದ ಕಡೆ ಮೋಡ ಬಿಟ್ಟು ಬೇರೇನೂ ಕಾಣಲಿಲ್ಲ. ನನಗೆ ಬೇಕಾಗಿದ್ದೂ ನೋಟವಲ್ಲ.

ಇಳಿಯುವಾಗ ಒಂದು ಬೂಟಿನ ತಳ ಬಾಯಿ ಬಿಟ್ಟಿತು. ಎಡಗಾಲಿನದಲ್ಲ, ಗೆಳತಿ ಹೊಲಿದದ್ದು ಅಲುಗಾಡಿರಲಿಲ್ಲ. ಕಂಪನಿಯವರು ಅಂಟಿಸಿದ್ದ ಬಲಗಾಲಿನದು. ಓಢಣಿಯ ಅಂಚು ಹರಿದು ಸುತ್ತಿ ಕಟ್ಟಿಕೊಂಡು ಇಳಿದೆ. ಈ ಸಲ ಸರ್ ನನ್ನ ಹಿಂದೆ ನಡೆಯುತ್ತಿದ್ದರು. ಬಂಡೆ ಬಂದಲ್ಲಿ ಕೈ ಚಾಚಿದರು. ಒಂದು ಕಡೆ ಹಿಡಿದುಕೊಂಡೆ, ಬೇಕಾಗಿತ್ತು. ಬೇಡವಾದ ಕಡೆ ಹಿಡಿಯಲಿಲ್ಲ.

ಇಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಸೋಮವಾರ ಕ್ಲಾಸಿನಲ್ಲಿ ಸರ್ ನನ್ನ ಕಡೆ ಕೈ ಮಾಡಿ ಮಾತು ಸುರುಮಾಡಿದರು. "ನೋಡ್ರಿ, ಇಂಥಾಕಿನೂ ಗಡ ಹತ್ತಿ ಇಳದಾಳ. ಮನಸ್ಸ ಗಟ್ಟಿ ಇದ್ರ ಸಾಕು. ಎರಡೂ ಕಾಲು ನೆಟ್ಟಗ ಇದ್ದವರು ನೀವು, ನಾಚಿಕಿ ಬರಬೇಕು." ಹುಡುಗರು ಚಪ್ಪಾಳೆ ತಟ್ಟಿದರು. ಹುಡುಗಿಯರ ಬೆಂಚಿನಿಂದಲೂ ಚಪ್ಪಾಳೆ ಬಂತು, ಬಂಡೆಯ ಮೇಲೆ ನಕ್ಕವರೂ ತಟ್ಟಿದರು.

ನಾನು ಎದ್ದು ನಿಂತೆ.

"ಸರ್, ನನ್ನ ಉದಾಹರಣೆ ಕೊಡಬ್ಯಾಡ್ರಿ. ನೀವು ನನ್ನ ಗುಡಸಲದಾಗ ಬಿಟ್ಟ ಹೋಗಿದ್ರಿ. ಅದನ್ನೂ ಹೇಳ್ರಿ, ಇಲ್ಲಾ ಇದನ್ನೂ ಬಿಡ್ರಿ."

ಚಪ್ಪಾಳೆ ನಿಂತಿತು. ಸರ್ ಪುಸ್ತಕ ತೆಗೆದರು, ಅವತ್ತಿನ ಪಾಠ ಮಾಡಿದರು. ಗಂಟೆ ಹೊಡೆದ ಮೇಲೆ ಸ್ಟಾಫ್ ರೂಮಿಗೆ ಕರೆಸಿದರು.

"ಎಲ್ಲಾರ ಮುಂದ ಹಂಗ ಅನಬಾರದಾಗಿತ್ತು ನೀನು."

"ಎಲ್ಲಾರ ಮುಂದ ನೀವು ಅಂದ್ರಿ, ಅದಕ್ಕ ಎಲ್ಲಾರ ಮುಂದ ನಾ ಅಂದ್ನಿ."

"ನಾ ನಿನ್ನ ಹೊಗಳಿದ್ನಲ್ಲವಾ."

"ಇಂಥಾಕಿ ಅಂದ್ರ ಎಂಥಾಕಿ ರೀ ಸರ್?"

ಅವರು ಮೇಜಿನ ಮೇಲಿನ ಹಾಜರಿ ಪುಸ್ತಕ ಮುಚ್ಚಿದರು. "ಹೋಗು, ಮುಂದಿನ ಕ್ಲಾಸಿಗೆ ತಡ ಆಗತೈತಿ," ಎಂದರು. ಕ್ಷಮೆ ಕೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ ಆ ಚಳಿಗಾಲದ ಇನ್ನೊಂದು ಚಾರಣದ ಚೀಟಿಯಲ್ಲಿ ಹೊಸದೊಂದು ಸಾಲು ಇತ್ತು: ನಿಧಾನ ನಡೆಯುವವರು ಒಂದು ತಾಸು ಮೊದಲು ಹೊರಡತಕ್ಕದ್ದು. ಹೆಸರು ಕೊಟ್ಟೆ. ಸರ್ ಬೇಡ ಎನ್ನಲಿಲ್ಲ. ಒಂದು ತಾಸು ಮೊದಲು ಹೊರಡಲು ಬಂದವರು ಆರು ಜನ, ಅವರಲ್ಲಿ ಕುಂಟುವವಳು ನಾನೊಬ್ಬಳೇ.

ತೊಂಬತ್ತರ ದಶಕದ ಆರಂಭದಲ್ಲಿ ನನಗೆ ಮಾಸ್ತರಿಕೆ ಸಿಕ್ಕಿತು. ಅಥಣಿ ತಾಲೂಕು, ಸತ್ತಿಯ ಕಡೆ, ಊರಿನಿಂದ ದೂರ ಹೊಲಗಳ ನಡುವೆ ಇರುವ ತೋಟದ ಶಾಲೆ. ಕಾಲಿನಿಂದ ನೌಕರಿ ಸಿಕ್ಕಿತು ಎಂದು ಆಡಿಕೊಂಡರು, ಅಂಗವಿಕಲರ ಕೋಟಾ ಎಂದು. ಹೌದು, ಕಾಲಿನಿಂದಲೇ ಸಿಕ್ಕಿತು. ಬಸ್ಸು ಬಿಟ್ಟ ಮೇಲೆ ಕಬ್ಬಿನ ನಡುವಿನ ಆ ದಾರಿಯನ್ನು ಮಳೆಗಾಲದಲ್ಲಿ ನಡೆದು ಹೋಗುವ ಕಾಲು ನನಗಿಂತ ಮೊದಲು ಬಂದ ಇಬ್ಬರು ಮಾಸ್ತರರಿಗೆ ಇರಲಿಲ್ಲ. ಇಬ್ಬರೂ ವರ್ಷದೊಳಗೆ ವರ್ಗ ಮಾಡಿಸಿಕೊಂಡು ಹೋಗಿದ್ದರು. ಸೀರೆಯ ಕೆಳಗೆ ಹಂಟರ್ ಬೂಟು ಶೋಭಿಸುವುದಿಲ್ಲ ಎಂದು ತಪಾಸಣೆಗೆ ಬಂದ ಸಾಹೇಬರೊಬ್ಬರು ಅಂದರು. ಮಕ್ಕಳು ನನ್ನ ಕಾಲು ನೋಡಿ ಲೆಕ್ಕ ಕಲಿಯುವುದಿಲ್ಲ ಎಂದೆ. ಅವರು ಮಕ್ಕಳನ್ನು ಮಗ್ಗಿ ಕೇಳಿದರು. ಹದಿನಾರರ ಮಗ್ಗಿಯವರೆಗೂ ಹೇಳಿಸಿಕೊಂಡು ಸುಮ್ಮನೆ ಹೋದರು.

ಗೆಳತಿ ಅಷ್ಟರಲ್ಲಿ ಅಥಣಿಯಲ್ಲಿ ಅಪ್ಪನ ಅಂಗಡಿಯಲ್ಲೇ ಕೂರುತ್ತಿದ್ದಳು, ರಂಪಿಗೆ ಹಿಡಿದೇ. ನನ್ನ ಎಡಗಾಲಿನ ತಳ ಸವೆದಾಗಲೆಲ್ಲ ಅವಳೇ ಹೊಲಿದಳು. ಬೆಳಗಾವಿಯ ಅಂಗಡಿಗಳಿಗೆ ಆಗ ಹಗುರವಾದ ಓಟದ ಬೂಟುಗಳು ಬಂದಿದ್ದವು, ಜಾಳಿಗೆಯಂಥ ಮೇಲುಬಟ್ಟೆ, ಸ್ಪಂಜಿನಂಥ ತಳ. ಮತ್ತೆ ಎರಡು ಜೋಡು ಕೊಂಡೆ. ಅವು ಹಂಟರ್ ಬೂಟಿನಂತೆ ಹಿಮ್ಮಡಿಯ ಗಂಟನ್ನು ಹಿಡಿಯುವುದಿಲ್ಲ. ಕೆಸರಿಗೂ ಕಲ್ಲಿಗೂ ಬರುವುದಿಲ್ಲ. ಆದರೆ ಸುಗ್ಗಿ ಮುಗಿದು ಗಾಡಿ ದಾರಿ ಹಿಟ್ಟಿನಂತೆ ಮೆತ್ತಗೆ ಪುಡಿಯಾದ ತಿಂಗಳುಗಳಲ್ಲಿ ಅವುಗಳಿಗೆ ಸಮಾನ ಇಲ್ಲ. ಗೆಳತಿ ಎಡಗಾಲಿನದಕ್ಕೆ ಹಗುರ ರಬ್ಬರು ಏರಿಸಿ, ಗಂಟಿಗೆ ಕ್ಯಾನ್ವಾಸಿನ ಪಟ್ಟಿ ಹೊಲಿದು ಕೊಟ್ಟಳು.

ಅವುಗಳನ್ನು ಹಾಕಿಕೊಂಡು ಒಂದು ಬೆಳಗ್ಗೆ, ಶಾಲೆಗೆ ಹೋಗುವಾಗ, ಕೃಷ್ಣೆಯ ದಂಡೆಯ ಗಾಡಿ ದಾರಿಯಲ್ಲಿ ಯಾರೂ ಇಲ್ಲದ್ದು ನೋಡಿ ಓಡಿದೆ. ನನಗೆ ಮೂವತ್ತರ ಹತ್ತಿರ. ಅಲ್ಲಿಯವರೆಗೆ ನಾನು ಓಡಿದವಳೇ ಅಲ್ಲ. ಅದು ಚಂದದ ಓಟವಾಗಿರಲಿಲ್ಲ. ಬಲಗಾಲು ಓಡುತ್ತಿತ್ತು, ಎಡಗಾಲು ಹಾರಿ ಹಾರಿ ಅದನ್ನು ಕೂಡಿಕೊಳ್ಳುತ್ತಿತ್ತು, ಚೀಲದೊಳಗೆ ಬುತ್ತಿಡಬ್ಬಿ ಗಲಗಲ ಅನ್ನುತ್ತಿತ್ತು. ಎದೆ ಹೊಡೆದುಕೊಂಡಿತು, ಕಣ್ಣಿಗೆ ಗಾಳಿ ಬಡಿಯಿತು. ಕಬ್ಬಿನ ಮರೆಯಲ್ಲಿ ಪಂಪು ಚಾಲೂ ಮಾಡುತ್ತಿದ್ದ ರೈತನೊಬ್ಬ ಓಡಿ ಹೊರಗೆ ಬಂದ.

"ಅಕ್ಕೋರ! ಏನಾತ್ರಿ? ನಾಯಿ ಬೆನ್ನ ಹತ್ತೈತೇನ್ರಿ?"

"ಯಾವ ನಾಯೀನೂ ಇಲ್ರಿ. ಸುಮ್ನ ಓಡಾಕತ್ತೀನಿ."

"ಸುಮ್ನ ಯಾಕ ಓಡ್ತೀರ್ರಿ? ಸಾಲಿ ಟೈಮ್ ಇನ್ನ ಆಗಿಲ್ಲ."

"ಆಗಿಲ್ಲ ಅಂತನ ಓಡಾಕತ್ತೀನಿ," ಎಂದೆ, ಓಡುತ್ತಲೇ.

ಅವನು ಪಂಪಿನ ಕಡೆ ತಿರುಗಿ ಹೋದ. ನಾನು ಕಾಲುವೆಯ ತಿರುವಿನವರೆಗೂ ಹೋದೆ.